ಮೈಕ್ರೋವೇವ್ ಓವನ್‌ನ ಹೈವೋಲ್ಟೇಜ್ ಫ್ಯೂಸ್ ಹೋದರೆ ತಂತಿ ಕಟ್ಟಬಹುದೇ?

ನಿಮ್ಮ ಓವನ್‌ನಲ್ಲಿ ದೀಪ ಉರಿಯುತ್ತದೆ, ತಟ್ಟೆ ತಿರುಗುತ್ತದೆ, ಅನ್ನ ಮಾತ್ರ ತಣ್ಣಗೇ ಇರುತ್ತದೆ. ಗೌರಿಬಿದನೂರಿನ ಮೆಕ್ಯಾನಿಕ್ ‘ಎಚ್.ವಿ. ಫ್ಯೂಸ್ ಹೋಗಿದೆ, ಒಂದು ಎಳೆ ತಂತಿ ಕಟ್ಟಿಕೊಡುತ್ತೇನೆ’ ಎಂದರು ಎಂದು ಬರೆದಿದ್ದೀರಿ. ಆತನ ಊಹೆ ಬಹುಶಃ ಸರಿ, ಉಪಾಯ ಮಾತ್ರ ಬೇಡ. ತುಮಕೂರಿನ ಬಿ.ಎಚ್. ರಸ್ತೆಯ ಬಳಿ ನನ್ನದೊಂದು ರಿಪೇರಿ ಅಂಗಡಿ ಇದೆ. ಹಾಗೆ ತಂತಿ ಕಟ್ಟಿಸಿಕೊಂಡು, ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆಯೊಂದಿಗೆ ಬರುವ ಓವನ್‌ಗಳನ್ನು ಆಗಾಗ ನೋಡುತ್ತೇನೆ.

ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟ್ ಮೊದಲು 8 ಅಥವಾ 10 ಆಂಪಿಯರಿನ ಪಿಂಗಾಣಿ ಫ್ಯೂಸನ್ನು ದಾಟುತ್ತದೆ. ಅದು ಹೋದರೆ ಓವನ್ ಪೂರ್ತಿ ಸತ್ತಂತಿರುತ್ತದೆ, ದೀಪವೂ ಉರಿಯುವುದಿಲ್ಲ. ಮುಂದೆ ಟ್ರಾನ್ಸ್‌ಫಾರ್ಮರ್ ಈ ವಿದ್ಯುತ್ತನ್ನು ಸುಮಾರು 2,000 ವೋಲ್ಟಿಗೆ ಏರಿಸುತ್ತದೆ. ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರ್ ಮತ್ತು ಅದನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಡಯೋಡ್ ಸೇರಿ ಅದನ್ನು ಇಮ್ಮಡಿಗೊಳಿಸಿ, 4,000 ವೋಲ್ಟಿನ ಆಸುಪಾಸಿನಲ್ಲಿ ಮ್ಯಾಗ್ನೆಟ್ರಾನ್‌ಗೆ ಕೊಡುತ್ತವೆ. ಆಹಾರ ಬಿಸಿಮಾಡುವ ಅಲೆ ಹುಟ್ಟುವುದು ಅಲ್ಲಿ. ಹೈವೋಲ್ಟೇಜ್ ಫ್ಯೂಸ್ ಕೂತಿರುವುದು ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್ ನಡುವೆ. ಆದ್ದರಿಂದಲೇ ಅದು ಹೋದಾಗ ಉಳಿದದ್ದೆಲ್ಲ ನಡೆಯುತ್ತದೆ, ಬಿಸಿ ಮಾತ್ರ ಬರುವುದಿಲ್ಲ. ಎಲ್ಲ ಮಾದರಿಗಳಲ್ಲೂ ಇದು ಇರುವುದಿಲ್ಲ. ನಿಮ್ಮದರಲ್ಲಿ ಇದೆ ಎಂದಾದರೆ ಪ್ಲಾಸ್ಟಿಕ್ ಕವಚದೊಳಗೆ ಬೆರಳುದ್ದದ ಗಾಜಿನ ಕೊಳವೆ ಕಾಣಬೇಕು.

ಕೊಳವೆಯೊಳಗೆ ಕೂದಲೆಳೆಯಂಥ ತಂತಿ, ಅದನ್ನು ಬಿಗಿಯಾಗಿ ಎಳೆದು ಹಿಡಿದ ಸ್ಪ್ರಿಂಗ್. ಕವಚದ ಮೇಲೆ 5 ಕಿಲೋವೋಲ್ಟ್ ಎಂದೂ, ಮಾದರಿಗೆ ತಕ್ಕಂತೆ 0.65ರಿಂದ 0.9 ಆಂಪಿಯರ್ ಎಂದೂ ಬರೆದಿರುತ್ತದೆ. ಮಿತಿ ಮೀರಿದ ವಿದ್ಯುತ್ ಹರಿದರೆ ತಂತಿ ಕರಗುವುದು ಎಲ್ಲ ಫ್ಯೂಸಿನ ಗುಣ. ಕಷ್ಟ ಶುರುವಾಗುವುದು ಆಮೇಲೆ. ಇಷ್ಟು ವೋಲ್ಟೇಜಿಗೆ ಕರಗಿದ ಜಾಗದ ಸಣ್ಣ ಸಂದು ಒಂದು ಲೆಕ್ಕವೇ ಅಲ್ಲ. ಕಿಡಿಯ ಸೇತುವೆ ಕಟ್ಟಿಕೊಂಡು ವಿದ್ಯುತ್ ಹರಿಯುತ್ತಲೇ ಇರುತ್ತದೆ. ಸ್ಪ್ರಿಂಗ್ ಇರುವುದು ಅದಕ್ಕೆ. ತಂತಿ ತುಂಡಾದ ಕ್ಷಣವೇ ಅದು ಹಿಂದಕ್ಕೆ ಜಗ್ಗಿ, ಎರಡು ತುದಿಗಳನ್ನು ದೂರ ಮಾಡಿ, ಕಿಡಿಯನ್ನು ಕತ್ತರಿಸುತ್ತದೆ. 250 ವೋಲ್ಟಿನ ಗಿಡ್ಡ ಗಾಜಿನ ಫ್ಯೂಸ್ ಈ ಕೆಲಸಕ್ಕೆ ಆಗುವುದಿಲ್ಲ. ಮೀಟರ್ ಬೋರ್ಡಿಗೆ ಕಟ್ಟುವ ತಾಮ್ರದ ಎಳೆಯಂತೂ ಕರಗುವ ಗೋಜಿಗೇ ಹೋಗುವುದಿಲ್ಲ.

‘ಮೊದಲ ಪಿಂಗಾಣಿ ಫ್ಯೂಸ್ ಕಾಯುವುದಿಲ್ಲವೇ?’ ಎಂದೂ ಕೇಳಿದ್ದೀರಿ. ಅದನ್ನು ನಂಬಿ ಕೂರಲಾಗದು. ಓವನ್ ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವೆ ಶಂಟ್ ಎಂಬ ಕಬ್ಬಿಣದ ಪಟ್ಟಿಗಳಿರುತ್ತವೆ. ಅವು ವಿದ್ಯುತ್ತಿಗೆ ಮಿತಿ ಹಾಕುತ್ತವೆ. ಹಾಗಾಗಿ ಡಯೋಡ್ ಶಾರ್ಟ್ ಆದರೂ ಮೊದಲ ಫ್ಯೂಸನ್ನು ಕೂಡಲೇ ಹಾರಿಸುವಷ್ಟು ವಿದ್ಯುತ್ ಎಳೆಯದೆ, ಟ್ರಾನ್ಸ್‌ಫಾರ್ಮರ್ ಒಳಗೊಳಗೇ ಕಾದು ಸುಡಬಹುದು.

ಹಳೆಯದಾಗಿ ಫ್ಯೂಸ್ ತಾನಾಗಿಯೇ ಹೋಗುವುದೂ ಉಂಟು. ಆದರೂ ಹೊಸದು ಹಾಕುವ ಮೊದಲು ಡಯೋಡ್, ಕೆಪಾಸಿಟರ್, ಮ್ಯಾಗ್ನೆಟ್ರಾನ್ ಮೂರನ್ನೂ ಪರೀಕ್ಷಿಸಲು ಹೇಳಿ. ನನ್ನ ಮೇಜಿಗೆ ಬರುವವುಗಳಲ್ಲಿ ಹೆಚ್ಚಿನ ಪಾಲು ಡಯೋಡಿನದೇ ತಕರಾರು. ಒಮ್ಮೊಮ್ಮೆ ಹಿಂಬದಿಯ ಗಾಳಿಕಿಂಡಿಯಿಂದ ನುಗ್ಗಿದ ಹಲ್ಲಿ, ಜಿರಳೆಯೂ ಕಾರಣ; ಅಡುಗೆಮನೆಯ ಮೂಲೆಯಲ್ಲಿಟ್ಟ ಮೇಲೆ ಅವುಗಳಿಗೂ ಬೆಚ್ಚಗಿನ ಜಾಗ ಬೇಡವೇ? ಮಲ್ಟಿಮೀಟರ್ ಹಿಡಿದಾಗ ಡಯೋಡ್ ಎರಡೂ ಕಡೆಯಿಂದ ಸೊನ್ನೆ ಓಮ್ ತೋರಿಸಿದರೆ ಶಾರ್ಟ್ ಆಗಿದೆ. ಎರಡೂ ಕಡೆ ಏನೂ ತೋರಿಸದಿದ್ದರೆ ಕೆಟ್ಟಿದೆ ಎಂದು ಎಸೆಯಬಾರದು. ಒಳಗೆ ಹಲವು ಡಯೋಡ್‌ಗಳು ಸಾಲಾಗಿರುವುದರಿಂದ ಮಲ್ಟಿಮೀಟರಿನ ಅಲ್ಪ ವೋಲ್ಟೇಜ್ ಅದನ್ನು ದಾಟುವುದಿಲ್ಲ; ಸರಣಿಯಲ್ಲಿ 9 ವೋಲ್ಟಿನ ಬ್ಯಾಟರಿ ಸೇರಿಸಿ ನೋಡಬೇಕು.

ಇದನ್ನೆಲ್ಲ ಓದಿ ನೀವೇ ಸ್ಕ್ರೂ ಬಿಚ್ಚಲು ಹೊರಡಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ 2,000 ವೋಲ್ಟಿಗೂ ಮೇಲ್ಪಟ್ಟು ಉಳಿದಿರಬಹುದು. ಅದನ್ನು ಇಳಿಸಲು ಒಳಗೊಂದು ರೆಸಿಸ್ಟರ್ ಸಾಮಾನ್ಯವಾಗಿ ಇರುತ್ತದೆ, ಆದರೆ ಅದೂ ಕೆಡುತ್ತದೆ. ಓವನ್ ನಡೆಯುತ್ತಿರುವಾಗ ಸಾಧಾರಣ ಮೀಟರಿನ ಕಡ್ಡಿ ಹಿಡಿದು ಅಲ್ಲಿ ವೋಲ್ಟೇಜ್ ಅಳೆಯುವ ಸಾಹಸವನ್ನು ನಾನೂ ಮಾಡುವುದಿಲ್ಲ.

ಬೇರೆ ಅಂಗಡಿಗೆ ಒಯ್ಯಿರಿ. ಹಳೆಯ ಫ್ಯೂಸಿನ ಮೇಲಿನ ಆಂಪಿಯರ್ ಅಂಕಿಯನ್ನೇ ಹೊಂದಿದ ಹೊಸದನ್ನು ಕವಚದ ಸಮೇತ ಹಾಕಿಸಿ. ಆಮೇಲೆ ಅಲ್ಲೇ ಒಂದು ಲೋಟ ನೀರಿಟ್ಟು ಎರಡು ನಿಮಿಷ ಓಡಿಸಿ ತೋರಿಸಲು ಕೇಳಿ. ಖಾಲಿ ಓಡಿಸುವುದು ಮ್ಯಾಗ್ನೆಟ್ರಾನ್‌ಗೆ ಒಳ್ಳೆಯದಲ್ಲ. ಡಯೋಡ್, ಕೆಪಾಸಿಟರ್, ಮ್ಯಾಗ್ನೆಟ್ರಾನ್ ಮೂರೂ ಸರಿಯಿದ್ದು ಹೊಸ ಫ್ಯೂಸ್ ಮತ್ತೆ ಹಾರಿದರೆ ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನೂ, ಹೈವೋಲ್ಟೇಜ್ ತಂತಿಗಳನ್ನೂ ನೋಡಬೇಕಾಗುತ್ತದೆ.