ಹಿತ್ತಲಿಗೆ ಬಿಟ್ಟ ಬೆಕ್ಕು ಸುರಕ್ಷಿತವೇ?

ಓದುಗರೊಬ್ಬರ ಪತ್ರ: “ನಮ್ಮ ಬೆಕ್ಕು ಹಗಲೂ ರಾತ್ರಿಯೂ ಹಿತ್ತಲಲ್ಲೇ ಇರುತ್ತದೆ. ಮರದ ಮೇಲೆ ಗೂಬೆ ಬಂದು ಕೂರುತ್ತದೆ, ಒಮ್ಮೆ ಹಾವೂ ಕಾಣಿಸಿತ್ತು. ಬೆಕ್ಕು ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎನ್ನುತ್ತಾರೆ ಮನೆಯವರು. ನನಗೆ ಧೈರ್ಯ ಸಾಲುತ್ತಿಲ್ಲ. ಹೊಸದಾಗಿ ತಂದ ಮರಿಯನ್ನೂ ಹೊರಗೆ ಬಿಡಬಹುದಾ?”

ಸಂಪಾದಕರ ಉತ್ತರ:

ನಿಮ್ಮ ಆತಂಕ ಸುಮ್ನೆ ಹುಟ್ಟಿದ್ದಲ್ಲ. ಆದರೆ ಗೂಬೆಯ ವಿಷಯದಲ್ಲಿ ಅಷ್ಟು ಹೆದರಬೇಕಿಲ್ಲ. ಬೇಟೆ ಹಕ್ಕಿಗಳು ರೆಕ್ಕೆ ಬಿಚ್ಚಿದಾಗ ದೊಡ್ಡದಾಗಿ ಕಂಡರೂ ತೂಕ ಕಮ್ಮಿ. ಹೆಚ್ಚಿನ ಗೂಬೆಗಳು 2 ಕಿಲೋ ಕೂಡ ತೂಗುವುದಿಲ್ಲ. 4 ಕಿಲೋ ತೂಗುವ ಬೆಕ್ಕನ್ನು ಅವು ಎತ್ತಿಕೊಂಡು ಹಾರಲಾರವು. ನರಿಯೂ ಬೆಳೆದ ಬೆಕ್ಕಿನ ಉಗುರಿಗೆ ಅಂಜಿ ಸಾಮಾನ್ಯವಾಗಿ ದೂರವೇ ಉಳಿಯುತ್ತದೆ. ಉತ್ತರ ಅಮೆರಿಕದ ಕಯೋಟಿ ಎಂಬ ತೋಳದಂಥ ಪ್ರಾಣಿ ಮಾತ್ರ ಹಾಗಲ್ಲ, ಅದು ಬೆಕ್ಕನ್ನು ಬೇಟೆಯಾಡಿಯೇ ತಿನ್ನುತ್ತದೆ.

ಹಾವಿನ ಮಾತು ಬೇರೆ. ಹಾವು ಬೆಕ್ಕನ್ನು ಹುಡುಕಿಕೊಂಡು ಬರುವುದಿಲ್ಲ, ಬೆಕ್ಕೇ ಅದನ್ನು ಕೆಣಕಲು ಹೋಗುತ್ತದೆ. ಹಾಗಾಗಿ ಕಡಿತ ಬೀಳುವುದು ಹೆಚ್ಚಾಗಿ ಮುಖಕ್ಕೆ, ಮುಂಗಾಲಿಗೆ. ಇದ್ದಕ್ಕಿದ್ದ ಹಾಗೆ ಊತ ಕಂಡರೆ, ಹಿಂಗಾಲು ಸೋತು ನಡಿಗೆ ತೂರಾಡಿದರೆ, ಕಣ್ಣಿನ ಪಾಪೆ ಅಗಲವಾಗಿ ಹಾಗೇ ನಿಂತರೆ ಕಾಯಬೇಡಿ. ಬಿಗಿಯಾಗಿ ಕಟ್ಟುವುದು, ಗಾಯ ಕೊಯ್ಯುವುದು ಬೇಡವೇ ಬೇಡ. ಹೆಚ್ಚು ಅಲುಗಾಡದಂತೆ ಬುಟ್ಟಿಯಲ್ಲಿಟ್ಟು ನೇರವಾಗಿ ಪಶುವೈದ್ಯರ ಹತ್ತಿರ ಒಯ್ಯಿರಿ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ತರುವುದು ಕಣ್ಣಿಗೆ ಬೀಳದ ಗಾಯ. ಬೇರೆ ಬೆಕ್ಕೋ ಕಾಡುಪ್ರಾಣಿಯೋ ಕಚ್ಚಿದರೆ ಹಲ್ಲು ಸೂಜಿಯ ಹಾಗೆ ಆಳಕ್ಕೆ ಇಳಿಯುತ್ತದೆ. ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಹೋದ ಬ್ಯಾಕ್ಟೀರಿಯಾ ಅಲ್ಲೇ ಬೆಳೆಯುತ್ತದೆ. ಎರಡು ಮೂರು ದಿನದಲ್ಲಿ ಕೀವು ತುಂಬಿ ಬಾವು ಬರುತ್ತದೆ. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಊಟ ಬಿಟ್ಟು ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಅಷ್ಟೇ. ಅದಕ್ಕೇ ದಿನಕ್ಕೊಮ್ಮೆ ಕುತ್ತಿಗೆ, ಬಾಲದ ಬುಡ, ಕಾಲುಗಳ ಕೂದಲನ್ನು ಹಿಂದಕ್ಕೆ ಸರಿಸಿ ಬೆರಳಾಡಿಸಿ. ಕೂದಲು ಅಂಟಿಕೊಂಡಿರುವ ಕಡೆ, ಬಿಸಿಯಾದ ಗಂಟು ಸಿಕ್ಕ ಕಡೆ ಸರಿಯಾಗಿ ನೋಡಿ. ಬೆಕ್ಕುಗಳ ನಡುವಿನ ಕಚ್ಚಾಟದಿಂದ ಅವುಗಳ ರೋಗನಿರೋಧಕ ಶಕ್ತಿ ಕುಗ್ಗಿಸುವ ಎಫ್‌ಐವಿ ವೈರಸ್ ಕೂಡ ಹರಡುತ್ತದೆ. ಇದು ಮನುಷ್ಯರಿಗೆ ಬರುವುದಿಲ್ಲ. ಆದರೆ ರೇಬೀಸ್ ಬರುತ್ತದೆ. ಹೊರಗೆ ತಿರುಗುವ ಬೆಕ್ಕಿಗೆ ರೇಬೀಸ್ ಲಸಿಕೆ ಒಂದು ಸಲವೂ ತಪ್ಪಬಾರದು.

ಇಲಿಯನ್ನೂ ಮರೆಯಬೇಡಿ. ಪಾಷಾಣ ತಿಂದು ನಿಧಾನವಾದ ಇಲಿ ಬೆಕ್ಕಿಗೆ ಸುಲಭವಾಗಿ ಸಿಗುತ್ತದೆ. ಎಷ್ಟೋ ಪಾಷಾಣಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಅಂಥ ಇಲಿಯನ್ನು ತಿಂದ ಬೆಕ್ಕಿನಲ್ಲಿ ಲಕ್ಷಣ ಕಾಣಲು ಕೆಲವು ದಿನ ಬೇಕು. ಒಸಡು ಬಿಳುಚಿಕೊಂಡಿದ್ದರೆ, ಸುಸ್ತು ಕಂಡರೆ ಬೇಗ ತೋರಿಸಿ, ವಿಟಮಿನ್ ಕೆ1 ಚಿಕಿತ್ಸೆಯಿಂದ ಉಳಿಸಿಕೊಳ್ಳಬಹುದು. ನೆರೆಯವರು ಪಾಷಾಣ ಇಡುತ್ತಾರಾ ಎಂದು ಈಗಲೇ ವಿಚಾರಿಸಿಡಿ.

ಹಾಗಾದರೆ ಏನು ಮಾಡಬೇಕು? ಮುಸ್ಸಂಜೆಗೆ ಮುಂಚೆ ಒಳಗೆ ಕರೆದುಕೊಂಡು ಬೆಳಕು ಹರಿದ ಮೇಲೆ ಬಿಡಿ. ಇದರಲ್ಲಿ ಮಾತ್ರ ರಿಯಾಯಿತಿ ಬೇಡ ಎಂದು ನಿಮ್ಮ ಮನೆಯವರಿಗೂ ಹೇಳುತ್ತೇನೆ. ಬೆಕ್ಕಿನ ಬೇಟೆಯ ಹುರುಪು ಏರುವುದೂ ಉಳಿದ ಬೇಟೆ ಪ್ರಾಣಿಗಳು ಓಡಾಡುವುದೂ ಹೆಚ್ಚಾಗಿ ಸಂಜೆ, ಇರುಳು, ನಸುಕಿನಲ್ಲೇ. ರಾತ್ರಿ ಬಟ್ಟಲಲ್ಲಿ ಊಟ ಹೊರಗೆ ಬಿಡಬೇಡಿ, ಅದರ ವಾಸನೆಗೆ ಎಲ್ಲವೂ ಬರುತ್ತವೆ.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ 2021ರ ಅಧ್ಯಯನದಲ್ಲಿ ದಿನಕ್ಕೆ 5ರಿಂದ 10 ನಿಮಿಷ ಆಟವಾಡಿಸಿದ ಬೆಕ್ಕುಗಳು ಮನೆಗೆ ಹೊತ್ತು ತರುವ ಬೇಟೆ 25% ಇಳಿಯಿತು. ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟಾಗ 36% ಇಳಿಯಿತು. ಬೇಟೆ ಕಮ್ಮಿಯಾದಷ್ಟೂ ಹಾವು, ಇಲಿಗಳ ಸಹವಾಸ ಕಮ್ಮಿ. ಹಿತ್ತಲಿನ ಹಕ್ಕಿಗಳೂ ಬದುಕಿಕೊಳ್ಳುತ್ತವೆ, ಅದೂ ಮುಖ್ಯ ಅಲ್ವಾ?

ಮರಿಯನ್ನು ಈಗ ಬಿಡಬೇಡಿ. ಗೂಬೆ, ಗಿಡುಗಗಳಿಗೆ ಅದರ ತೂಕ ಏನೇನೂ ಅಲ್ಲ. ಲಸಿಕೆಗಳು ಪೂರ್ತಿಯಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಆಗುವವರೆಗೂ ಒಳಗೇ ಬೆಳೆಯಲಿ. ಆಮೇಲೂ ಮೊದಮೊದಲು ಹಗಲು ಹೊತ್ತು, ಊಟಕ್ಕೆ ಸ್ವಲ್ಪ ಮುಂಚೆ, ನೀವು ಜೊತೆಗಿದ್ದು ಬಿಡಿ. ಹಸಿದಿದ್ದರೆ ಕರೆದ ಕೂಡಲೇ ಓಡಿ ಬರುತ್ತದೆ.