ಬಂಡೆಯಿಂದ ತಂದ ಸಣ್ಣ ಕಡಲ ಬಸವನಹುಳುಗಳು ಬಕೆಟ್ಟಿನಿಂದ ಹೊರಗೆ ಹತ್ತುತ್ತಲೇ ಇವೆ. ನೀರಲ್ಲೇ ಉಳಿಸಿಕೊಳ್ಳುವುದು ಹೇಗೆ?

ದಯವಿಟ್ಟು ಉಳಿಸಿಕೊಳ್ಳಬೇಡಿ. ಇಂಥದೇ ಬಕೆಟ್ಟು ನಾನು ಪಿಯುಸಿ ಓದುವಾಗ ನಮ್ಮ ಹಿತ್ತಿಲಲ್ಲೂ ಇತ್ತು.

ಉಳ್ಳಾಲದ ಹತ್ತಿರ ಸೋಮೇಶ್ವರದ ಬಂಡೆಗಳು, ಏಪ್ರಿಲ್ ಮಧ್ಯಾಹ್ನ. ಕಲ್ಲಿನ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಬಿರುಕುಗಳ ಉದ್ದಕ್ಕೂ ಕಡಲೆಕಾಳಿನಷ್ಟು ದಪ್ಪದ, ಮೈಮೇಲೆ ಸಣ್ಣ ಗಂಟುಗಳಿದ್ದ ಬೂದು ಚಿಪ್ಪುಗಳು. ಪಾಪ, ನೀರಿಲ್ಲದೆ ಸಾಯುತ್ತಿವೆ ಅಂದುಕೊಂಡು 40 ಹುಳು ಕಿತ್ತು ತಂದೆ.

ಸಂಜೆಗೆಲ್ಲ ಅವು ಬಕೆಟ್ಟಿನ ಅಂಚಿಗೆ ಬಂದಿದ್ದವು. ಒಂದೊಂದನ್ನೇ ಕೆಳಗೆ ತಳ್ಳಿದೆ. ಮತ್ತೆ ಹತ್ತಿದವು. ಕೊನೆಗೆ ಕಂಠಮಟ್ಟ ಸಮುದ್ರದ ನೀರು ತುಂಬಿ, ಮುಚ್ಚಳ ಹಾಕಿ, ಮೇಲೊಂದು ಕಲ್ಲು ಹೇರಿದೆ. ನಾನು ಮಾಡಿದ ತಪ್ಪು ಇದೊಂದೇ. ನೀರು ಕೊಳಕಾಗಿರಲಿಲ್ಲ, ಬಕೆಟ್ಟು ಸಣ್ಣದಿರಲಿಲ್ಲ, ತಿನ್ನಲು ಪಾಚಿಗಟ್ಟಿದ ಕಲ್ಲೂ ಇಟ್ಟಿದ್ದೆ. ಆದರೆ ನಿಂತ ನೀರು ಬಿಸಿಲಿಗೆ ಕಾಯಿತು, ಅದರಲ್ಲಿದ್ದ ಆಮ್ಲಜನಕ ಮುಗಿಯುತ್ತಾ ಬಂತು. ಮೇಲೆ ಬಂದು ಉಸಿರಾಡೋಣವೆಂದರೆ ಬೆರಳಷ್ಟು ಜಾಗವನ್ನೂ ನಾನು ಬಿಟ್ಟಿರಲಿಲ್ಲ. ಒಂದು ಸತ್ತು ಕೊಳೆಯಿತು, ಆ ಕೊಳೆತ ಇನ್ನಷ್ಟನ್ನು ಕೊಂದಿತು. ನಾಲ್ಕನೇ ದಿನ ವಾಸನೆ ಬಂದು ಅಮ್ಮ ಮುಚ್ಚಳ ತೆಗೆದರು. ಬದುಕಿದ್ದವು 11.

ಆಮೇಲೆ ಓದಿ ತಿಳಿದದ್ದು: ಈ ಹುಳುಗಳ ವೈಜ್ಞಾನಿಕ ಹೆಸರು ಎಕೈನೋಲಿಟ್ಟೊರಿನಾ ಮಲಕ್ಕಾನಾ. ಕಡಲಿನವೇ ಆದರೂ ಬದುಕು ಅಲೆಯ ಹನಿ ಸಿಡಿಯುವಷ್ಟು ಎತ್ತರದಲ್ಲಿ. ಮೈಯೊಳಗೆ ತೇವವಿದ್ದರೆ ಗಾಳಿಯಿಂದಲೇ ಉಸಿರಾಡುತ್ತವೆ. ಬಂಡೆ 50 ಡಿಗ್ರಿ ಮುಟ್ಟಿದರೂ ತಡೆಯುತ್ತವೆ, ಯಾಕೆಂದರೆ ಬಿಸಿ ಏರಿದಾಗ ಎದೆಬಡಿತವನ್ನೇ ತಗ್ಗಿಸಿ ಒಲೆಯ ಉರಿ ಸಣ್ಣ ಮಾಡಿದ ಹಾಗೆ ಇದ್ದುಬಿಡುತ್ತವೆ. ಪಾದ ಒಳಗೆಳೆದು, ಬಾಗಿಲಿನಂಥ ಮುಚ್ಚಳ ಮುಚ್ಚಿ, ಚಿಪ್ಪಿನ ಅಂಚನ್ನು ಒಣಗಿದ ಲೋಳೆಯಿಂದ ಕಲ್ಲಿಗೆ ಅಂಟಿಸಿಕೊಂಡು ನೇತಾಡುತ್ತವೆ. ನಾನು ಸಾವು ಅಂದುಕೊಂಡದ್ದು ಆ ನಿದ್ದೆಯನ್ನು. ಅಂಥದ್ದರ ಮೇಲೆ ಕಡಲ ನೀರಿನ ಒಂದು ಹನಿ ಬಿಟ್ಟು ನೋಡಿ: ಮುಚ್ಚಳ ಸರಿಯುತ್ತದೆ, ಕೂದಲೆಳೆಯಂಥ ಎರಡು ಕೊಂಬು ಹೊರಬರುತ್ತವೆ, ಹಲ್ಲುಸಾಲಿನ ನಾಲಿಗೆಯಿಂದ ಕಲ್ಲಿನ ಪಾಚಿ ಕೆರೆಯಲು ಹೊರಡುತ್ತದೆ.

ಮರಿ ಮಾಡಿಸುವ ಯೋಚನೆಯಿದ್ದರೆ ಅದನ್ನೂ ಬಿಡಿ. ಮೊಟ್ಟೆಗಳನ್ನು ಅವು ಕಡಲಿಗೆ ಬಿಡುತ್ತವೆ, ಮರಿಗಳು ವಾರಗಟ್ಟಲೆ ತೇಲಿ ಬೆಳೆದು ಆಮೇಲೆ ಬಂಡೆ ಹಿಡಿಯುತ್ತವೆ. ಬಕೆಟ್ಟಿನಲ್ಲಿ ಅದು ಆಗುವ ಮಾತಲ್ಲ.

ಬಕೆಟ್ಟಿಗೆ ಮುಚ್ಚಳ ಹಾಕಿದ್ದರೆ ಈಗಲೇ ತೆಗೆಯಿರಿ, ನೀರು ಬಸಿಯಿರಿ. ಒದ್ದೆ ಬಟ್ಟೆಯಲ್ಲಿಟ್ಟು, ಬೆಳಿಗ್ಗೆ ನೀರು ಇಳಿದಿರುವಾಗ ತಂದ ಬಂಡೆಗೇ ಒಯ್ಯಿರಿ. ಕಡಲಿಗೆ ಎಸೆಯಬೇಡಿ. ನೆರಳಿರುವ ಬಿರುಕಿನಲ್ಲಿ, ಚಿಪ್ಪಿನ ಬಾಯಿ ಕಲ್ಲಿಗೆ ತಾಗುವ ಹಾಗೆ ಒಂದೊಂದಾಗಿ ಇಟ್ಟು, ಅವು ಪಾದ ಊರುವವರೆಗೆ ಅಲ್ಲೇ ಕೂತಿರಿ.