‘ಟೈಟಲ್ ಒನ್’ ಶಾಲೆ ಅಂದರೆ ಕಳಪೆ ಶಾಲೆಯಾ?

ಪ್ರಶ್ನೆ: ಮಗ, ಸೊಸೆ ಅಮೆರಿಕದ ಟೆಕ್ಸಸ್‌ನಲ್ಲಿದ್ದಾರೆ. ಮೊಮ್ಮಗಳನ್ನು ಮನೆ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿದ್ದಾರೆ. ಮೊನ್ನೆ ಶಾಲೆಯಿಂದ ಬಂದ ಕಾಗದದಲ್ಲಿ ‘ಇದು ಟೈಟಲ್ ಒನ್ ಶಾಲೆ’ ಅಂತ ಇತ್ತಂತೆ. ಅದು ಬಡವರ ಮಕ್ಕಳ ಶಾಲೆ ಅಂತ ಯಾರೋ ಹೇಳಿದ್ದೇ ತಡ, ಮನೆ ಬದಲಾಯಿಸೋಣ ಅಂತ ಸೊಸೆ ಹಟ ಹಿಡಿದಿದ್ದಾಳೆ. ಏನಿದು?
– ಒಬ್ಬ ಅಜ್ಜ, ಶಿವಮೊಗ್ಗ

ಉತ್ತರ: ಸಾಮಾನು ಕಟ್ಟುವ ಮುಂಚೆ ಸ್ವಲ್ಪ ತಾಳಮ್ಮಾ ಅಂತ ಸೊಸೆಗೆ ಹೇಳಿ ಅಜ್ಜ. ‘ಟೈಟಲ್ ಒನ್’ ಅನ್ನುವುದು ಶಾಲೆಗೆ ಕೊಟ್ಟ ಮಾರ್ಕ್ಸ್ ಅಲ್ಲ. 1965ರ ಶಿಕ್ಷಣ ಕಾಯ್ದೆಯಲ್ಲಿ ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ ಹೆಚ್ಚುವರಿ ಹಣ ಕೊಡುವ ಮೊದಲ ಭಾಗದ ಹೆಸರು, ಅಷ್ಟೇ. ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಆ ಕಾಯ್ದೆಗೆ ಸಹಿ ಹಾಕಿದ್ದು ನಿಮ್ಮ ಮಗ ಇರುವ ಟೆಕ್ಸಸ್‌ನಲ್ಲೇ, ತಾವು ಚಿಕ್ಕಂದಿನಲ್ಲಿ ಹೋಗುತ್ತಿದ್ದ ಒಂದೇ ಕೋಣೆಯ ಶಾಲೆಯ ಮುಂದೆ, ತಮ್ಮ ಮೊದಲ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು. 1928ರಲ್ಲಿ ಕೊಟುಲಾ ಅನ್ನುವ ಊರಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಜಾನ್ಸನ್ ಅವರೇ ಮೇಷ್ಟ್ರಾಗಿದ್ದರು. ತಿಂಡಿ ತಿನ್ನದೆ ಶಾಲೆಗೆ ಬರುವ ಮಕ್ಕಳನ್ನು ಕಣ್ಣಾರೆ ನೋಡಿದ್ದವರು.

ಅಮೆರಿಕದಲ್ಲಿ ಶಾಲೆಗಳಿಗೆ ಹಣ ಜಾಸ್ತಿ ಬರುವುದು ರಾಜ್ಯದ ಖಜಾನೆಯಿಂದ, ಮತ್ತೆ ಆಯಾ ಊರಿನ ಮನೆ–ಜಮೀನಿನ ತೆರಿಗೆಯಿಂದ. ದೊಡ್ಡ ಮನೆಗಳಿರುವ ಕಡೆ ತೆರಿಗೆ ಚೆನ್ನಾಗಿ ಹುಟ್ಟುತ್ತದೆ, ಬಡವರ ಕೇರಿಯಲ್ಲಿ ಎಲ್ಲಿಂದ ಹುಟ್ಟಬೇಕು? ಫೆಡರಲ್ ಸರ್ಕಾರ, ಅಂದರೆ ನಮ್ಮ ಬಾಯಲ್ಲಿ ‘ಕೇಂದ್ರ’, ಕೊಡುವುದು ಒಟ್ಟು ಖರ್ಚಿನ ಹತ್ತರಲ್ಲಿ ಒಂದು ಪಾಲಿನಷ್ಟು. ಅದರಲ್ಲಿ ಟೈಟಲ್ ಒನ್‌ಗೆ ವರ್ಷಕ್ಕೆ ಸುಮಾರು 1,800 ಕೋಟಿ ಡಾಲರ್. ಜನಗಣತಿಯವರ ಬಡತನದ ಅಂದಾಜು ನೋಡಿ ಇದನ್ನು ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ, ಅಂದರೆ ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳಿಗೆ, ಹಂಚುತ್ತಾರೆ. ಡಿಸ್ಟ್ರಿಕ್ಟ್‌ನವರು ಬಡ ಮಕ್ಕಳು ಎಲ್ಲಿ ಜಾಸ್ತಿ ಅಂತ ಲೆಕ್ಕ ಹಾಕಿ ಶಾಲೆಗಳಿಗೆ ಕೊಡುತ್ತಾರೆ. ಬಡ ಮಕ್ಕಳ ಪ್ರಮಾಣ ಶೇ 75 ಮೀರಿದ ಶಾಲೆಗಳಿಗೆ ಮೊದಲು ಕೊಡಲೇಬೇಕು.

ನಿಮ್ಮ ಮೊಮ್ಮಗಳಿಗೆ ಇದರಲ್ಲಿ ಏನಿದೆ ಅಂದರೆ, ಶಾಲೆಯಲ್ಲಿ ಶೇ 40ರಷ್ಟು ಬಡ ಮಕ್ಕಳಿದ್ದರೆ ಆ ಹಣವನ್ನು ಇಡೀ ಶಾಲೆಗೆ ಬಳಸಬಹುದು. ಹೆಚ್ಚುವರಿ ಟೀಚರ್ ಬಂದರೆ ಸಾಫ್ಟ್‌ವೇರಿನವರ ಮಗಳಿಗೂ ಬಂದ ಹಾಗೆ, ಅಲ್ವಾ? ಅಷ್ಟು ಇಲ್ಲದಿದ್ದರೆ ಸಾಮಾನ್ಯವಾಗಿ ಕಲಿಕೆಯಲ್ಲಿ ಹಿಂದೆ ಬಿದ್ದವರಿಗೆ ಮಾತ್ರ. ಅಲ್ಲೂ ಅಪ್ಪನ ಸಂಬಳ ಕೇಳುವುದಿಲ್ಲ, ಮಗುವಿಗೆ ಎಷ್ಟು ಓದಲು ಬರುತ್ತದೆ ಅಂತ ನೋಡುತ್ತಾರೆ.

ನನಗೆ ಹಿಡಿಸಿದ ನಿಯಮ ಇನ್ನೊಂದಿದೆ. ಕೇಂದ್ರದ ದುಡ್ಡು ಬಂತಲ್ಲ ಅಂತ ಆ ಶಾಲೆಗೆ ಊರು, ರಾಜ್ಯ ಕೊಡಬೇಕಾದ ಪಾಲನ್ನು ಕಡಿಮೆ ಮಾಡುವಂತಿಲ್ಲ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಬುದ್ಧಿ ಎಲ್ಲ ದೇಶದಲ್ಲೂ ಇದೆ ನೋಡಿ! ಹಾಗಂತ ಇದರಿಂದ ಬಡ ಶಾಲೆ, ಸಿರಿವಂತ ಶಾಲೆ ಸಮ ಆಗಿಬಿಟ್ಟವು ಅಂತ ನಾನು ಹೇಳಲಾರೆ. ದುಡ್ಡು ತುಂಬಾ ಶಾಲೆಗಳಿಗೆ ತೆಳ್ಳಗೆ ಹರಡಿಹೋಗುತ್ತದೆ.

ಸೊಸೆ ಸುಮ್ನೆ ಹೆದರುವ ಬದಲು ಒಂದು ದಿನ ಶಾಲೆಗೆ ಹೋಗಿ ಬರಲಿ. ಕಷ್ಟಪಡುವ ಮಗುವನ್ನು ಕೂರಿಸಿಕೊಂಡು ಯಾರು ಹೇಳಿಕೊಡುತ್ತಾರೆ ಅಂತ ಕೇಳಲಿ. ಟೈಟಲ್ ಒನ್ ಶಾಲೆ ವರ್ಷಕ್ಕೊಮ್ಮೆ ಅಪ್ಪ–ಅಮ್ಮಂದಿರ ಸಭೆ ಕರೆಯಲೇಬೇಕು. ಟೀಚರ್ ಏನು ಓದಿದ್ದಾರೆ ಅಂತ ಕೇಳುವ ಹಕ್ಕೂ ಇವರಿಗಿದೆ. ಮೊನ್ನೆ ಬಂದ ಕಾಗದ ಬಹುಶಃ ಅದರದ್ದೇ ಇರಬೇಕು, ಪೂರ್ತಿ ಓದಿ ನೋಡಲಿ.